ಸಾಲು ಮುರಿಯುವ ಬಗೆ

ಐವತ್ತೇಳಕ್ಕೆ ಕಲಿಯಲು ಕೂತ ಈ ಭಾಷೆಗೆ
ಉಚ್ಚಾರಣೆಯೇ ಇಲ್ಲ.
ಯಾರೂ ಇದರಲ್ಲಿ ಬೈದಿಲ್ಲ, ಮಗು ಮಲಗಿಸಿಲ್ಲ,
ಹೆಣದ ಮುಂದೆ ಕೂತು ಅತ್ತಿಲ್ಲ.
ಆದರೂ ಸೊಕ್ಕು ನೋಡು:
ಹನ್ನೆರಡನೆಯ ಸಾಲು, ಅರ್ಧವಿರಾಮ ಎಲ್ಲಿ?

ಮೆಸ್ತಿಯಾದ ಹಿಮಪಾತ ಕಚೇರಿಯಲ್ಲಿ
ಯಂತ್ರಗಳು ಮೂರು, ಮೂವರು ಓರಗಿತ್ತಿಯರ ಹಾಗೆ,
ಒಬ್ಬಳ ಮಾತು ಇನ್ನೊಬ್ಬಳಿಗೆ ಆಗದು.
ನನ್ನ ಮೇಜಿನ ಮುದಿ ವಿಂಡೋಸ್.
ಬೆಟ್ಟದ ನೆತ್ತಿಯ ತಗಡಿನ ಪೆಟ್ಟಿಗೆಯೊಳಗೆ
ಬೆಂಕಿಪೊಟ್ಟಣದಷ್ಟು ಲಿನಕ್ಸ್.
ಕೆಳಗೆ ಜುಗ್ದಿದಿಯಲ್ಲಿ ಸಾಹೇಬರ ಬೆಳ್ಳಿಬಣ್ಣದ ಮ್ಯಾಕ್.
'ಒಮ್ಮೆ ಬರೆಯಿರಿ, ಲಮಾರಾ ಅತ್ತೆ, ಮೂರೂ ಕಡೆ ಓಡಲಿ'
ಎಂದ ತೋರ್ನಿಕೆ, ಸೆನ್ಸರ್ ನೆಡಲು ಬಂದ ಹುಡುಗ,
ಬೂಟಿನ ಹಿಮವನ್ನು ನಾನು ಒರೆಸಿದ ನೆಲದ ಮೇಲೆ ಕರಗಿಸುತ್ತ.

ಓಡಲಿ! ನನ್ನ ಮಂಡಿಗೆ ಹೇಳು ಆ ಮಾತು.

ಹುಟ್ಟುವ ಮೊದಲೇ ಹೇಳಿಬಿಡಬೇಕಂತೆ
ಇದು ಪೂರ್ಣಾಂಕ, ಇದು ದಶಮಾಂಶ, ಇದು ಬರೀ ಮಾತು ಎಂದು;
ನಡುವೆ ಮನಸ್ಸು ಬದಲಿಸುವ ಹಾಗಿಲ್ಲ.
ಪದಗಳೆಲ್ಲ ಪರದೇಶದವು.
ಹೆಸರಿಡುವುದಷ್ಟೇ ನನ್ನ ಪಾಲಿಗೆ.
ಶಾಲೆಯಲ್ಲಿ ಯಾರೂ ಬರೆಯಲು ಕಲಿಸದ ಸ್ವಾನ್ ಮಾತಿನಲ್ಲಿ
ಹಿಮಕ್ಕೆ ಮುಸ್ ಎಂದಿಟ್ಟೆ.
ಕಂಪೈಲರ್ ತುಟಿಪಿಟಕ್ಕೆನ್ನದೆ ನುಂಗಿತು.
ಅವತ್ತು ಚಹಾಕ್ಕೆ ಎರಡು ಚಮಚ ಹೆಚ್ಚು ಸಕ್ಕರೆ.

ಸೊನ್ನೆಯಿಂದ ಎಣಿಸಿ ಎಂದ ಹುಡುಗ.
ಇಳಿಜಾರಿನಲ್ಲಿ ಅಳತೆಕೋಲು ಏಳು.
ಏಳನ್ನು ಕೇಳಿದೆ. ಅಂಥದ್ದಿಲ್ಲ ಎಂದು ಪ್ರೋಗ್ರಾಂ ಸತ್ತುಬಿತ್ತು.
ಕಿಟಕಿಯಾಚೆ ನೋಡಿದೆ.
ಇತ್ತು. ತುದಿಗೊಂದು ಕಾಗೆ ಬೇರೆ.

ಫೆಬ್ರವರಿ ಒಂಬತ್ತು, ಬೆಳಗಿನ ಜಾವ:
ಪರದೆಯ ತುಂಬ ಇಪ್ಪತ್ತನಾಲ್ಕು ಮೀಟರ್ ಹಿಮ.
ಮುತ್ತಾತಂದಿರ ಕಲ್ಲುಗೋಪುರ ಮುಳುಗುವಷ್ಟು.
ನಾವು ದಶಮಾಂಶಕ್ಕೆ ಇಡುವುದು ಅಲ್ಪವಿರಾಮ,
ಬೆಟ್ಟದ ಪೆಟ್ಟಿಗೆ ಇಡುವುದು ಚುಕ್ಕಿ;
ಎರಡರ ಜಗಳದಲ್ಲಿ ಎರಡೂ ಬಿದ್ದುಹೋಗಿ
ಎರಡು ಪಾಯಿಂಟ್ ನಾಲ್ಕು ಹಾಗೆ ಬೆಳೆದಿತ್ತು.
ಹೊಟ್ಟೆ ಹಿಡಿದು ನಕ್ಕೆ.
ಆಮೇಲೆ ನಗು ಅಲ್ಲೇ ನಿಂತಿತು:
ಬಾಲ ಬೆಳೆಯುವ ಬದಲು ಕತ್ತರಿಸಿಹೋಗಿದ್ದರೆ?
ಮೂರು ಪಾಯಿಂಟ್ ಎಂಟನ್ನು ಬರೀ ಮೂರೆಂದು ಓದಿದ್ದರೆ?
ಮೂರೂವರೆಗೆ ನಾವು ರಸ್ತೆ ಮುಚ್ಚುತ್ತೇವೆ.
ಎಂಟೂಕಾಲಕ್ಕೆ ಶಾಲೆಯ ವ್ಯಾನು.

ಆ ವಾರ ರಾತ್ರಿಯೆಲ್ಲ ಬರೆದೆ, ಅಳಿಸಿದೆ.

ಕೊನೆಗೆ ಉಳಿದದ್ದು ಒಂದೇ ಕಗ್ಗಂಟು.
ನನ್ನ ಮೇಜಿನದು ಸಾಲು ಮುಗಿದಾಗ ಎರಡು ಗುರುತು ಹಾಕುತ್ತದೆ,
ಮಿಕ್ಕವು ಒಂದೇ. ಕಡತ ಆಚೆಗೆ ಹೋದರೆ
ಪ್ರತಿ ಸಾಲಿನ ತುದಿಗೂ ಕಸ.
'ಯಾಕೆ?' ಎಂದೆ.
'ಗೊತ್ತಿಲ್ಲ ಅತ್ತೆ, ಹಿಂದಿನಿಂದ ಹಾಗೇ' ಎಂದ.
ಹೆಸರಾದರೂ ಹೇಳು ಅಂದೆ. ಹೇಳಿದ.

ಅಯ್ಯೋ ಮಗನೇ.
ಹತ್ತೊಂಬತ್ತು ವರ್ಷ ಭೂದಾಖಲೆ ಕಚೇರಿಯಲ್ಲಿ
ಟೈಪಿಸ್ಟ್ ಆಗಿದ್ದವಳು ನಾನು.
ಗಾಳಿಯಲ್ಲಿ ಎಡಗೈ ಎತ್ತಿ ತೋರಿಸಿದೆ:
ಸನ್ನೆ ಒತ್ತಿದರೆ ಕಾಗದ ಒಂದು ಸಾಲು ಮೇಲೆ, ಟಕ್;
ಹಾಗೇ ತಳ್ಳಿದರೆ ಗಾಡಿ ಮರಳಿ ಬಲಕ್ಕೆ, ಸರ್ರ್.
ಎರಡು ಕೆಲಸ. ಆದ್ದರಿಂದ ಎರಡು ಗುರುತು.
ನಿನ್ನ ಮಿಕ್ಕ ಯಂತ್ರಗಳಿಗೆ ತೋಳಿನ ನೆನಪಿಲ್ಲ, ಅಷ್ಟೇ.

ಅವನು ನನ್ನ ಖಾಲಿ ಕೈಯನ್ನೇ ನೋಡುತ್ತಿದ್ದ.
ಕೈ ಇನ್ನೂ ಇಳಿದಿರಲಿಲ್ಲ.

ಮಾರ್ಚ್ ಎರಡು: ಮೂರೂ ಕಡೆ ಓಡಿತು,
ಮೂರೂ ಕಡೆ ಒಂದೇ ಅಂಕಿ.
ಮೂರನೆಯ ತಾರೀಖು ಬೆಟ್ಟದ ಪೆಟ್ಟಿಗೆಯ ಬ್ಯಾಟರಿ ಹೆಪ್ಪುಗಟ್ಟಿ
ಪುಸ್ತಕ ಪೆನ್ಸಿಲ್ ಹಿಡಿದು ನಾನೇ ಹತ್ತಿದೆ.
ಏಳನೆಯ ಕೋಲಿನ ಬಳಿ, ಅಂದರೆ ಆರನೆಯದರ ಬಳಿ,
ಕೈಗವಸು ಕಳಚಿ ಬರೆದುಕೊಂಡೆ:
ಎರಡು,
ಅಲ್ಪವಿರಾಮ,
ಒಂಬತ್ತು.